ಇಪ್ಪತ್ತೈದು ಬೇವಿನ ಗಿಡಗಳು

ಸೆಪ್ಟೆಂಬರ್ 7, ಭಾನುವಾರ

ಗೋದಾಮಿನ ಹಿಂದಿನ ಜಾಗದಲ್ಲಿ ಇವತ್ತು ಗಿಡ ನೆಟ್ಟೆವು. ಎಂಟು ಜನ, ಎಂಟು ಸಾಲು, ಸಾಲಿಗೆ ಇಪ್ಪತ್ತೈದು ಗುಂಡಿ. ಹಿಂದೆ ಊರಿನ ಒಡೆದ ಇಟ್ಟಿಗೆ, ಹರಿದ ಹಾಸಿಗೆ, ಕೆಟ್ಟ ಟೀವಿ ಎಲ್ಲ ಬಂದು ಬೀಳುತ್ತಿದ್ದ ಜಾಗ ಅದು. ಮೂರು ವರ್ಷದಿಂದ ಪ್ರತಿ ಭಾನುವಾರ ಹೋಗಿ ನಾನು ಅಲ್ಲಿ ಕಸ ಎತ್ತಿದ್ದೇನೆ, ಕಲ್ಲು ಹೊತ್ತಿದ್ದೇನೆ, ಮುಳ್ಳು ತುಳಿದಿದ್ದೇನೆ. ಯಾರೋ ಕರೆದು ಕೂಲಿ ಕೊಡುತ್ತಾರೆಂದಲ್ಲ.

ನನ್ನ ಸಾಲಿಗೆ ಬೇವು ಬಂತು. ಗುಂಡಿ ತೋಡುವುದರಲ್ಲಿ ನನ್ನದು ಎತ್ತಿದ ಕೈ. ಎರಡಡಿ ಆಳ, ಎರಡಡಿ ಅಗಲ. ಅಲ್ಲಿಯದು ಅಂಟುಮಣ್ಣು. ಗುಂಡಿಯ ಗೋಡೆಯನ್ನು ಸಲಿಕೆಯ ಬೆನ್ನಿನಿಂದ ಸವರಿ ಸವರಿ ಗಾರೆ ಮಾಡಿದ ಹಾಗೆ ನುಣ್ಣಗೆ ಮಾಡಿದ್ದೆ. ಕ್ಷೌರದಂಗಡಿಯವನು ಬಂದು ಬಗ್ಗಿ ನೋಡಿ, "ನೀರಣ್ಣ, ಇದರಲ್ಲಿ ಗಿಡ ನೆಡ್ತೀರೋ, ಇಳಿದು ಸ್ನಾನ ಮಾಡ್ತೀರೋ?" ಎಂದ. ನೀರಣ್ಣ ಎಂದು ಹೆಸರಿಟ್ಟವನೂ ಅವನೇ. ನೀರು ಸರಬರಾಜು ಇಲಾಖೆಯಲ್ಲಿ ಮೂವತ್ತೆರಡು ವರ್ಷ ವಾಲ್ವು ತಿರುಗಿಸಿದವನು ನಾನು. ಹನ್ನೊಂದು ಬೀದಿಯ ಜನ ಕೊಡ ಹಿಡಿದು ನನ್ನ ದಾರಿ ಕಾಯುತ್ತಿದ್ದರು. ನೀರಿನ ವಿಷಯವನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಪಕ್ಕದ ಸಾಲು ಇವಳದು. ಹೌದು, ನಮ್ಮನೆಯವಳೂ ಬಂದಿದ್ದಾಳೆ. ಮೂವತ್ತು ವರ್ಷ ಮನೆಯಲ್ಲೇ ಕೂತು ಊರವರ ಬಟ್ಟೆ ಹೊಲಿದವಳು. ಸೂಜಿಯ ಕಣ್ಣು ಕಾಣುವುದಿಲ್ಲ ಎಂದು ಎರಡು ತಿಂಗಳ ಹಿಂದೆ ಮಿಶನ್ನಿಗೆ ಮುಸುಕು ಹೊದಿಸಿ, ಬೇಜಾರು ಬೇಜಾರು ಎನ್ನುತ್ತಿದ್ದಳು. "ಬಾ, ನಾವೆಲ್ಲ ಏನು ಮಾಡ್ತೀವಿ ನೋಡು" ಎಂದು ಕರೆತಂದವನು ನಾನೇ. ಇವಳಿಗೆ ಹೊಂಗೆ ಸಿಕ್ಕಿತು. ಇವಳು ತೋಡಿದ ಗುಂಡಿಗಳನ್ನು ನೋಡಬೇಕು, ಇಲಿ ಕೆರೆದ ಹಾಗಿವೆ.

ಗುಂಪು ಕಟ್ಟಿದ ಟೀಚರಮ್ಮ ಕೊನೆಗೆ ಎಲ್ಲರನ್ನೂ ಸೇರಿಸಿ ಮಾತಾಡಿದರು. ವಿಜ್ಞಾನ ಪಾಠ ಹೇಳಿ ನಿವೃತ್ತರಾದವರು, ಈಗಲೂ ಬೆರಳೆತ್ತಿಯೇ ಮಾತಾಡುತ್ತಾರೆ. "ಕಾಲುವೆ ದಂಡೆಯ ಜಾಗಾನೂ ನಮಗೇ ಕೊಡ್ತಾರಂತೆ. ನನ್ನ ಮಂಡಿ ಅಷ್ಟು ದೂರ ಬರಲ್ಲ. ಡಿಸೆಂಬರಲ್ಲಿ ತೋಟಗಾರಿಕೆ ಅಧಿಕಾರಿ ಬಂದು ಗಿಡ ಎಣಿಸ್ತಾರೆ. ಇವತ್ತು ನೆಟ್ಟ ಗಿಡ ಯಾರ ಸಾಲಲ್ಲಿ ಹೆಚ್ಚು ಬದುಕಿರುತ್ತೋ, ದಂಡೆಯ ಉಸ್ತುವಾರಿ ಅವರದು. ಸತ್ತಿದ್ದರ ಜಾಗಕ್ಕೆ ಬೇರೆ ತಂದು ನೆಟ್ಟರೆ ಅದು ಲೆಕ್ಕಕ್ಕಿಲ್ಲ."

ಉಸ್ತುವಾರಿ ನನ್ನದೇ. ಬೇರೆ ಯಾರಿದ್ದಾರೆ ಹೇಳಿ? ದಂಡೆಯ ಮೇಲೆ ಎಲ್ಲೆಲ್ಲಿ ಯಾವ ಗಿಡ ಬರಬೇಕು ಎಂದು ಬರುವ ದಾರಿಯಲ್ಲೇ ಯೋಚಿಸಿಬಿಟ್ಟೆ.

ಸೆಪ್ಟೆಂಬರ್ 14, ಭಾನುವಾರ

ಒಂದೇ ವಾರ. ಒಂದೇ ವಾರದಲ್ಲಿ ಎಲ್ಲರಿಗೂ ಅವಳು "ಅಕ್ಕ" ಆಗಿಬಿಟ್ಟಳು.

ನೀರು ಹಾಕುವ ಮೊದಲು ಗಿಡದ ಬುಡಕ್ಕೆ ಎರಡು ಗೆಣ್ಣಿನಷ್ಟು ಬೆರಳು ತೂರಿಸಬೇಕು, ಒದ್ದೆ ತಗುಲಿದರೆ ನೀರು ಹಾಕಬಾರದು ಎಂದು ಟೀಚರಮ್ಮನ ಕ್ರಮ. ನಾನು ಇದನ್ನು ಒಂದು ದಿನವೂ ಮಾಡಿದವನಲ್ಲ, ಮಣ್ಣಿಗೇನು ಜ್ವರ ಬಂದಿದೆಯೇ? ಇವಳು ಮಾತ್ರ ಒಂದೊಂದು ಗಿಡದ ಮುಂದೆಯೂ ಮಂಡಿಯೂರಿ, ಬೆರಳಿಟ್ಟು, ಕಣ್ಣು ಮುಚ್ಚಿ, ಏನೋ ಕೇಳಿಸಿಕೊಳ್ಳುವವಳಂತೆ ಕೂರುತ್ತಾಳೆ. ಟೀಚರಮ್ಮ ಎಲ್ಲರನ್ನೂ ಕರೆದು, "ನೋಡಿ, ಹೀಗೆ ಮಾಡಬೇಕು" ಎಂದರು. ಮೂರು ವರ್ಷದಲ್ಲಿ ನನ್ನನ್ನು ತೋರಿಸಿ ಒಂದು ಸಲವಾದರೂ ಹಾಗೆ ಅಂದಿದ್ದಾರೆಯೇ?

ಆಮೇಲೆ "ಅಕ್ಕ, ನನ್ನದೂ ನೋಡಿ", "ಅಕ್ಕ, ಈ ಎಲೆ ಯಾಕೆ ಸುರುಟಿದೆ" ಎಂದು ಎಲ್ಲರದೂ ಒಂದೇ ರಾಗ. ಕ್ಷೌರದಂಗಡಿಯವನಂತೂ ತನ್ನ ಸಂಸಾರದ ಕತೆಯನ್ನೆಲ್ಲ ಅವಳ ಮುಂದೆ ಬಿಚ್ಚಿಟ್ಟ. ಹೋದ ವಾರ ಗಿಡ ನೆಡಲು ಹೊಸದಾಗಿ ಸೇರಿದ್ದ ನರ್ಸೊಬ್ಬಳು ನನ್ನ ಹತ್ತಿರ ಬಂದು, "ನೀವು ಅಕ್ಕನ ಯಜಮಾನ್ರಲ್ವಾ?" ಎಂದು ಕೇಳಿದಳು.

ಮೂರು ವರ್ಷ ಕಲ್ಲು ಹೊತ್ತಿದ್ದಕ್ಕೆ ಸಿಕ್ಕ ಬಿರುದು ಇದು. ಅಕ್ಕನ ಯಜಮಾನ್ರು!

ಸೆಪ್ಟೆಂಬರ್ 18, ಗುರುವಾರ

ಸಂಜೆ ವಾಕಿಂಗ್ ಎಂದು ಹೇಳಿ ಹೊರಟು ಗೋದಾಮಿನ ಹಿಂದೆ ಹೋದೆ. ಮೂಲೆಯ ಸಿಮೆಂಟು ತೊಟ್ಟಿಯಿಂದ ನನ್ನ ಗಿಡಕ್ಕೆ ತಲಾ ಒಂದು ಬಕೆಟ್ ನೀರು ಹೆಚ್ಚಿಗೆ ಹಾಕಿದೆ. ಇವಳಿಗೆ ಹೇಳಿಲ್ಲ. ಇನ್ನು ಮೇಲೆ ದಿನಾ ಹಾಕಬೇಕು. ಅವಳು ಬೆರಳಿಡುತ್ತ ಕೂರಲಿ.

ಅಕ್ಟೋಬರ್ 5, ಭಾನುವಾರ

ಬಾಲ್ಕನಿಯಲ್ಲಿ ಕಾಲಿಡಲು ಜಾಗವಿಲ್ಲ. ಮಳೆಗಾಲ ಶುರುವಾದಾಗ ಇವಳು ಹಾಲಿನ ಖಾಲಿ ಪ್ಯಾಕೆಟ್ಟಿನಲ್ಲಿ ಬೇವಿನ ಬೀಜ ಊರಿದ್ದಳು. ಅವೆಲ್ಲ ಮೊಳಕೆಯೊಡೆದು ಈಗ ಗೇಣುದ್ದ ಬಂದಿವೆ. ಎರಡು ಡಜನ್ನಿಗೂ ಮೇಲಿವೆ. ಬೆಳಿಗ್ಗೆ ಎದ್ದವಳೇ ಅವುಗಳನ್ನು ಮಾತಾಡಿಸುತ್ತಾಳೆ. "ಏನಮ್ಮ, ಬಿಸಿಲು ಸಾಕಾಯ್ತಾ?" ಎಂದು ಕೇಳುತ್ತಾಳೆ. ನನ್ನನ್ನು ಹಾಗೆ ವಿಚಾರಿಸಿ ಎಷ್ಟು ವರ್ಷವಾಯಿತೋ. ಗಿಡದ ಮೇಲೆ ಹೊಟ್ಟೆಕಿಚ್ಚೇ ಎಂದು ನನ್ನನ್ನೇ ಕೇಳಿಕೊಂಡೆ. ಹೌದು, ಇದೆ. ನನ್ನ ಪುಸ್ತಕದಲ್ಲಿ ನಾನು ಬರೆದುಕೊಂಡರೆ ಯಾರಪ್ಪನ ಗಂಟು ಹೋಗುತ್ತದೆ?

ಮಗಳು ಫೋನ್ ಮಾಡಿದ್ದಳು. ನಾನು ಎತ್ತಿದರೆ, "ಅಪ್ಪಾ, ಅಮ್ಮ ಅಲ್ಲಿ ಲೀಡರ್ ಆಗ್ಬಿಟ್ಟಿದಾಳಂತೆ!" ಎನ್ನುತ್ತಾಳೆ. "ಯಾರು ಹೇಳಿದ್ದು?" ಎಂದೆ. "ನಮ್ಮ ಪಕ್ಕದ ಮನೆ ನರ್ಸ್ ಅಲ್ಲಿಗೆ ಬರ್ತಾರಲ್ಲ" ಎಂದಳು. ಆ ನರ್ಸಿಗೆ ಆಸ್ಪತ್ರೆಯಲ್ಲಿ ಕೆಲಸ ಕಡಿಮೆ ಎಂದು ಕಾಣುತ್ತದೆ.

ನನ್ನ ಬೇವಿನ ನಾಲ್ಕು ಗಿಡಗಳ ಎಲೆ ಹಳದಿ ತಿರುಗಿದೆ. ಬಾಯಾರಿಕೆ ಇರಬೇಕು. ನಾಳೆಯಿಂದ ಎರಡೆರಡು ಬಕೆಟ್.

ಅಕ್ಟೋಬರ್ 12, ಭಾನುವಾರ

ನನ್ನ ಮೂರನೆಯ ಗಿಡ ಎಲೆ ಉದುರಿಸಿ ಕಡ್ಡಿಯಾಗಿ ನಿಂತಿದೆ. ಏಳನೆಯದೂ ಹಾಗೆಯೇ. ಯಾರ ಕಣ್ಣಿಗೂ ಬೀಳದಿರಲಿ ಎಂದು ಅಲ್ಲಿಯೇ ಅಡ್ಡ ನಿಂತುಕೊಂಡಿದ್ದೆ. ಇವಳು ಮಾತ್ರ ನೋಡಿಬಿಟ್ಟಳು. "ರೀ, ನೀರು ಜಾಸ್ತಿ ಆಯ್ತೇನೋ ಅಲ್ವಾ" ಎಂದಳು. ಎಲ್ಲರೂ ಕೇಳಿಸಿಕೊಳ್ಳುವ ಹಾಗೆ!

"ಮೂವತ್ತೆರಡು ವರ್ಷ ನೀರು ಬಿಟ್ಟವನಿಗೆ ನೀನು ನೀರಿನ ಪಾಠ ಹೇಳ್ತೀಯಾ? ಹೋಗಿ ನಿನ್ನ ಸಾಲು ನೋಡ್ಕೋ" ಎಂದು ರೇಗಿದೆ. ಅವಳು ತನ್ನ ಸಾಲಿಗೆ ಹೋದಳು. ಸುತ್ತಲಿದ್ದವರು ನನ್ನನ್ನು ನೋಡಿದ ರೀತಿ ನೆನೆದರೆ ಈಗಲೂ ಮೈ ಉರಿಯುತ್ತದೆ.

ಅಕ್ಟೋಬರ್ 15, ಬುಧವಾರ

ಪವಾಡ ಎಂದರೆ ಇದು! ಮೂರನೆಯದೂ ಏಳನೆಯದೂ ಚಿಗುರಿ ನಿಂತಿವೆ. ಭಾನುವಾರ ಕಡ್ಡಿ, ಬುಧವಾರ ತುಂಬು ಎಲೆ. ಎರಡೆರಡು ಬಕೆಟ್ಟಿನ ಮಹಿಮೆ. ಇವಳ ಮುಖಕ್ಕೆ ಹಿಡಿದು ತೋರಿಸಬೇಕು ಎನಿಸಿತು. ತೋರಿಸಲಿಲ್ಲ. ಡಿಸೆಂಬರಿನಲ್ಲಿ ತಾನೇ ನೋಡುತ್ತಾಳೆ.

ಅಕ್ಟೋಬರ್ 23, ಗುರುವಾರ

ಇವಳು ಹೊಸದಾಗಿ ಬೆಳಗಿನ ನಡಿಗೆ ಶುರು ಮಾಡಿದ್ದಾಳೆ. ಐದೂವರೆಗೆ ಕೈಚೀಲ ಹಿಡಿದು ಹೊರಟರೆ ಏಳಕ್ಕೆ ಬರುತ್ತಾಳೆ. ನಡೆಯುವವರಿಗೆ ಚೀಲ ಯಾಕೆ? ಕೇಳಿದರೆ "ಬರುವಾಗ ಹಾಲು ತರೋಕೆ" ಎಂದಳು. ಹಾಲಿನ ಅಂಗಡಿ ನಮ್ಮ ಮನೆಯ ಕೆಳಗೇ ಇದೆ.

ನನಗೊಂದು ಸಂಶಯ. ಟೀಚರಮ್ಮನ ಮನೆ ಆ ಕಡೆಯೇ ಇರುವುದು.

ನವೆಂಬರ್ 2, ಭಾನುವಾರ

ಇವತ್ತು ನನ್ನ ದಿನ. ಟೀಚರಮ್ಮ ಸಾಲು ಸಾಲಾಗಿ ನಡೆದು ನೋಡಿದರು. ಒಬ್ಬೊಬ್ಬರ ಸಾಲಿನಲ್ಲೂ ಅಲ್ಲಲ್ಲಿ ಹಲ್ಲು ಬಿದ್ದ ಹಾಗೆ ಖಾಲಿ ಗುಂಡಿಗಳು. ಕ್ಷೌರದಂಗಡಿಯವನದು ಆರು ಹೋಗಿವೆ. ನರ್ಸಿನದು ಒಂಬತ್ತು. ಇವಳದು ಮೂರು! ಅಕ್ಕನದು ಮೂರು ಹೋಗಿವೆ. ನನ್ನದು ಮಾತ್ರ ಇಪ್ಪತ್ತೈದಕ್ಕೆ ಇಪ್ಪತ್ತೈದೂ ಹಸಿರು.

"ಏನಪ್ಪ ನಿಮ್ಮ ಗುಟ್ಟು?" ಎಂದು ಟೀಚರಮ್ಮ ಕೇಳಿದರು. ನಾನು ಗಂಟಲು ಸರಿ ಮಾಡಿಕೊಂಡು ಹತ್ತು ನಿಮಿಷ ಮಾತಾಡಿದೆ. ನೀರಿನ ಒತ್ತಡ, ನೀರಿನ ಹೊತ್ತು, ನೀರಿನ ಅಳತೆ, ಒಂದನ್ನೂ ಬಿಡಲಿಲ್ಲ. ನರ್ಸು ಬರೆದುಕೊಂಡಳು. ಕ್ಷೌರದಂಗಡಿಯವನು, "ಕೈಗುಣ ನೀರಣ್ಣ, ಕೈಗುಣ. ಒಂದ್ಸಲ ನನ್ನ ತಲೆ ಮೇಲೂ ಕೈ ಇಡಿ, ನಾಲ್ಕು ಕೂದಲು ಬರಲಿ" ಎಂದ. ಎಲ್ಲರೂ ನಕ್ಕರು.

ಇವಳೂ ನಕ್ಕಳು. ಅದೇ ನನಗೆ ಅರ್ಥವಾಗದಿರುವುದು. ನಾನು ಅಷ್ಟೊಂದು ಬೆನ್ನು ತಟ್ಟಿಕೊಳ್ಳುತ್ತಿದ್ದರೆ ಅವಳು ತಲೆ ತಗ್ಗಿಸಿ ತನ್ನಷ್ಟಕ್ಕೆ ಮುಗುಳುನಗುತ್ತಿದ್ದಳು. ಅವಳಿಗೂ ಒಂದು ಚೂರು ಹೊಟ್ಟೆ ಉರಿಯಬಾರದೇ? ಸ್ವಲ್ಪ ಮುಖ ಗಂಟಿಕ್ಕಿದ್ದರೂ ನನ್ನ ಗೆಲುವು ಪೂರ್ತಿಯಾಗುತ್ತಿತ್ತು. ರಾತ್ರಿ ಊಟಕ್ಕೆ ಕೂತಾಗ ಬೇಕೆಂದೇ, "ಮೂರು ಹೋಯ್ತಲ್ಲ ನಿಂದು" ಎಂದೆ. "ಹ್ಞೂಂ, ಹೋಯ್ತು" ಎಂದು ಇನ್ನೊಂದು ಸೌಟು ಬಡಿಸಿದಳು.

ನವೆಂಬರ್ 9, ಭಾನುವಾರ

ಬೆಳಿಗ್ಗೆ ಇವಳ ಉಗುರಿನ ಸಂದಿಯಲ್ಲಿ ಹಸಿ ಮಣ್ಣು ಕಂಡೆ. ಸಂಜೆ ಬಾಲ್ಕನಿಗೆ ಹೋದರೆ ಪ್ಯಾಕೆಟ್ಟುಗಳು ಅರ್ಧಕ್ಕರ್ಧ ಕಡಿಮೆಯಾಗಿವೆ. "ಎಲ್ಲಿ ಹೋದವು?" ಎಂದೆ. "ಕೇಳಿದೋರಿಗೆ ಕೊಟ್ಟೆ" ಎಂದಳು. ಯಾರಿಗೆ? ಕ್ಷೌರದಂಗಡಿಯವನಿಗೇ ಇರಬೇಕು. ಇಲ್ಲವೇ ಟೀಚರಮ್ಮನ ಅಂಗಳಕ್ಕೆ. ಬೆಳಿಗ್ಗೆ ಎದ್ದು ಹೋಗಿ ಅವರ ಮನೆಯ ಮುಂದೆ ಗಿಡ ನೆಟ್ಟುಕೊಟ್ಟು, ಹಿಂಬಾಗಿಲಿನಿಂದ ಉಸ್ತುವಾರಿ ಹೊಡೆಯುವ ಯೋಚನೆ. ಗಂಡನ ಮುಂದೆ ಮುಗುಳುನಗೆ, ಹಿಂದೆ ಇದು!

ಹಿಡಿಯುತ್ತೇನೆ.

ನವೆಂಬರ್ 20, ಗುರುವಾರ

ಹಿಡಿದೆ. ಏನನ್ನು ಹಿಡಿದೆ ಎಂದು ಬರೆಯಲು ಸಂಜೆಯವರೆಗೆ ಆಗಲಿಲ್ಲ.

ಇವಳು ಹೊರಟ ಎರಡು ನಿಮಿಷಕ್ಕೆ ನಾನೂ ಚಪ್ಪಲಿ ಮೆಟ್ಟಿದೆ. ಟೀಚರಮ್ಮನ ಬೀದಿಯ ತಿರುವು ಬಂತು. ಇವಳು ತಿರುಗಲಿಲ್ಲ. ನೆಟ್ಟಗೆ ಗೋದಾಮಿನ ಕಡೆ ನಡೆದಳು. ನಾನು ಸಿಮೆಂಟು ತೊಟ್ಟಿಯ ಹಿಂದೆ ಕುಕ್ಕರಗಾಲಿನಲ್ಲಿ ಕೂತೆ. ಇವಳು ತನ್ನ ಸಾಲು ದಾಟಿ ನನ್ನ ಸಾಲಿಗೆ ಬಂದಳು. ಹನ್ನೊಂದನೆಯ ಗಿಡದ ಹತ್ತಿರ ಕೂತು ಅದನ್ನು ಎರಡೂ ಕೈಯಲ್ಲಿ ಹಿಡಿದು ಕಿತ್ತಳು.

ಓ, ಇದೋ ವಿಷಯ! ನನ್ನ ಗಿಡ ಕೀಳುತ್ತಿದ್ದಾಳೆ! ಕೂಗಬೇಕೆಂದು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅವಳು ಚೀಲದಿಂದ ಹಾಲಿನ ಪ್ಯಾಕೆಟ್ಟೊಂದನ್ನು ತೆಗೆದಳು. ಅದರಲ್ಲಿ ಗೇಣಿಗೂ ಎತ್ತರದ ಬೇವಿನ ಸಸಿ. ಆಮೇಲೆ ಚೀಲದಿಂದ ಒಂದು ಕಬ್ಬಿಣದ ಕಂಬಿ ಬಂತು. ನಾನು ಸವರಿ ಸವರಿ ನುಣ್ಣಗೆ ಮಾಡಿದ್ದ ಗುಂಡಿಯ ಗೋಡೆಗೆ ಆ ಕಂಬಿಯಿಂದ ಸುತ್ತಲೂ ತೂತು ಹೊಡೆದಳು. ಒಳಗಿನಿಂದ ಕೆಸರು ಮಣ್ಣು ಬಾಚಿ ತೆಗೆದಳು, ಒಣಮಣ್ಣು ತುಂಬಿದಳು, ಸಸಿಯನ್ನು ಗುಂಡಿಯ ಮಟ್ಟಕ್ಕಿಂತ ಮೇಲೆ ಒಂದು ದಿಬ್ಬ ಮಾಡಿ ಕೂರಿಸಿದಳು. ಸತ್ತ ಗಿಡವನ್ನು ಚೀಲಕ್ಕೆ ತುರುಕಿಕೊಂಡಳು. ಎದ್ದು ಸೊಂಟ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತಳು.

ವಾಪಸ್ಸು ಹೋಗುವಾಗ ತನ್ನ ಸಾಲಿನ ಮೂರು ಖಾಲಿ ಗುಂಡಿಗಳನ್ನು ನೋಡಿದಳು. ನೋಡಿ ಸುಮ್ಮನೆ ಮುಂದೆ ಹೋದಳು.

ನಾನು ಬೇರೆ ದಾರಿಯಿಂದ ಓಡೋಡಿ ಬಂದು ಮುಸುಕು ಹಾಕಿಕೊಂಡು ಮಲಗಿದೆ. "ಏಳ್ರೀ, ಏಳು ಗಂಟೆ ಆಯ್ತು" ಎಂದು ಎಬ್ಬಿಸಿದಳು. ಎದ್ದೆ.

ನವೆಂಬರ್ 21, ಶುಕ್ರವಾರ

ದಿಬ್ಬ ಇರುವುದೆಲ್ಲ ಅವಳದು, ದಿಬ್ಬ ಇಲ್ಲದಿರುವುದು ನನ್ನದು. ಮಧ್ಯಾಹ್ನ ಹೋಗಿ ಎಣಿಸಿದೆ. ದಿಬ್ಬ ಹದಿನಾರು. ನನ್ನವು ಒಂಬತ್ತು. ಒಂಬತ್ತರಲ್ಲೂ ಎರಡು ಈಗಲೋ ಆಗಲೋ ಎನ್ನುವಂತಿವೆ.

ಒಂದು ತಿಂಗಳಿನಿಂದ ದಿನಾ ಈ ಸಾಲಿನಲ್ಲಿ ಓಡಾಡಿದ್ದೇನೆ. ಇಷ್ಟು ದೊಡ್ಡ ದಿಬ್ಬಗಳು ನನ್ನ ಕಣ್ಣಿಗೆ ಬೀಳಲಿಲ್ಲ. ಹಸಿರು ಎಲೆ ಒಂದನ್ನೇ ನೋಡುತ್ತಿದ್ದೆ.

ಕೋಪ ಬಂದಿದೆ, ಎಷ್ಟು ಎಂದು ಬರೆಯಲಾರೆ. ಸೋಲಿಸಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಇಪ್ಪತ್ತೈದು ಗಿಡ ಬೆಳೆಸಿ ನನ್ನ ಮುಂದೆ ಮೆರೆದಿದ್ದರೂ ಸಹಿಸಿಕೊಳ್ಳುತ್ತಿದ್ದೆ. ಇದು ಹಾಗಲ್ಲ. ಸೋತವನ ಜೇಬಿಗೆ ಗೊತ್ತಾಗದ ಹಾಗೆ ಗೆಲುವು ತುರುಕಿದ ಹಾಗೆ ಇದು. ನಾನು ಹತ್ತು ನಿಮಿಷ ಭಾಷಣ ಮಾಡಿದ ದಿನ ತಲೆ ತಗ್ಗಿಸಿ ನಕ್ಕಳಲ್ಲ, ಆ ನಗೆ ಈಗ ಅರ್ಥವಾಗುತ್ತಿದೆ. ಅವಳಿಗೆ ನನ್ನ ಮೇಲೆ ಹೊಟ್ಟೆಕಿಚ್ಚು ಯಾಕೆ ಬರಬೇಕು? ನನ್ನಲ್ಲಿ ಹೊಟ್ಟೆಕಿಚ್ಚು ಪಡುವಂಥದ್ದು ಏನಿದೆ?

ಕೇಳಬೇಕು. ಕೇಳಿದರೆ ತೊಟ್ಟಿಯ ಹಿಂದೆ ಕೂತಿದ್ದೂ ಹೇಳಬೇಕಾಗುತ್ತದೆ.

ನವೆಂಬರ್ 24, ಸೋಮವಾರ

ಅವಳು ಚೀಲದಲ್ಲಿ ತಂದು ಮನೆಯ ಹಿಂದಿನ ಕಸದ ರಾಶಿಗೆ ಹಾಕಿದ್ದ ನನ್ನ ಗಿಡ ಹುಡುಕಿ ತೆಗೆದೆ. ಬೇರು ಕಪ್ಪಗಾಗಿ ಕೊಳೆತಿತ್ತು. ಮೂಗಿಗೆ ಹಿಡಿದರೆ ಚರಂಡಿ ವಾಸನೆ. ಅಂಟುಮಣ್ಣಿನಲ್ಲಿ ನುಣ್ಣನೆಯ ಗುಂಡಿ, ಅದಕ್ಕೆ ದಿನಾ ಎರಡು ಬಕೆಟ್ ನೀರು. ನೀರು ಹೋಗಲು ದಾರಿಯೇ ಇಲ್ಲ. ನೀರು ಬಿಡುವುದು ಗೊತ್ತಿತ್ತು, ನಿಲ್ಲಿಸುವುದೂ ಗೊತ್ತಿತ್ತು. ಬಿಟ್ಟ ನೀರು ಎಲ್ಲಿಗೆ ಹೋಗುತ್ತದೆ ಎಂದು ಮೂವತ್ತೆರಡು ವರ್ಷ ನಾನು ನೋಡಿದ್ದಿಲ್ಲ. ಅದು ಬೇರೆ ವಿಭಾಗದವರ ಕೆಲಸವಾಗಿತ್ತು.

ಸಂಜೆ ಹೋಗಿ, ಅತ್ತ ಇತ್ತ ನೋಡಿ, ಮೊದಲನೆಯ ಗಿಡದ ಬುಡಕ್ಕೆ ಬೆರಳು ತೂರಿಸಿದೆ. ಒದ್ದೆ ಇತ್ತು. ಎರಡನೆಯದಕ್ಕೂ ಇಟ್ಟೆ. ಒದ್ದೆ. ಬಕೆಟ್ಟಿನ ನೀರನ್ನು ಮತ್ತೆ ತೊಟ್ಟಿಗೇ ಸುರಿದು ಬಂದೆ.

ನವೆಂಬರ್ 30, ಭಾನುವಾರ

ಬೆರಳು. ಒಣಗಿತ್ತು. ಅರ್ಧ ಬಕೆಟ್.

ಇವಳು ಇವತ್ತು ಬರಲಿಲ್ಲ, ಕೆಮ್ಮು ನೆಗಡಿ. ಅಕ್ಕ ಎಲ್ಲಿ, ಅಕ್ಕ ಯಾಕೆ ಬರಲಿಲ್ಲ ಎಂದು ಆರು ಜನ ಆರು ಸಲ ಕೇಳಿದರು. ನಾನು ಒಂದು ವಾರ ಬರದಿದ್ದರೆ ಯಾರಾದರೂ ಹೀಗೆ ಕೇಳುತ್ತಾರೆಯೇ? ಇವಳ ಹೊಂಗೆಗೂ ಬೆರಳಿಟ್ಟು ನೋಡಿದೆ, ಬೇಕಾದವಕ್ಕೆ ಹಾಕಿದೆ. ಸಾಲಿನ ಕೊನೆಯಲ್ಲಿ ಬೇಲಿಯ ಬಳ್ಳಿ ಎರಡು ಗಿಡಕ್ಕೆ ಸುತ್ತಿಕೊಂಡಿತ್ತು, ಬಿಡಿಸಿದೆ. ಮನೆಗೆ ಬಂದು ಹೇಳಲಿಲ್ಲ. ಕಷಾಯ ಕಾಯಿಸಿಕೊಟ್ಟೆ. "ಏನ್ರೀ ಇದು, ಸೂರ್ಯ ಎಲ್ಲಿ ಹುಟ್ಟಿದ?" ಎಂದಳು.

ಡಿಸೆಂಬರ್ 7, ಭಾನುವಾರ

"ಯಾಕೆ ಹೀಗಿದೀರಿ? ಹದಿನೈದು ದಿನದಿಂದ ಮುಖ ಕೊಟ್ಟು ಮಾತಾಡ್ತಿಲ್ಲ" ಎಂದು ಕೇಳಿದಳು. "ಏನಿಲ್ಲ" ಎಂದೆ. ನನ್ನ ಮುಖವನ್ನೇ ನೋಡಿದಳು.

ಮುಂದಿನ ಭಾನುವಾರ ಅಧಿಕಾರಿ ಬರುತ್ತಾರೆ. ಇಪ್ಪತ್ತೈದಕ್ಕೆ ಇಪ್ಪತ್ತೈದು. ಕಾಲುವೆ ದಂಡೆ ನನ್ನದು. ಯಾರಿಗೆ ಗೊತ್ತಾಗುತ್ತದೆ? ಅವಳು ಹೇಳುವುದಿಲ್ಲ. ನಾನು ಹೇಳುವುದಿಲ್ಲ. ಗಿಡಕ್ಕೆ ಬಾಯಿಲ್ಲ. ಮೂರು ವರ್ಷ ಕಲ್ಲು ಹೊತ್ತಿದ್ದು ಸುಳ್ಳಲ್ಲವಲ್ಲ. ಅಷ್ಟು ಹೊತ್ತವನಿಗೆ ಇಷ್ಟಾದರೂ ಸಿಗಬಾರದೇ?

ಇವತ್ತು ಮಧ್ಯಾಹ್ನ ಒಬ್ಬನೇ ದಂಡೆಗೆ ಹೋಗಿ ಈ ತುದಿಯಿಂದ ಆ ತುದಿಗೆ ನಡೆದು ಬಂದೆ. ಅರ್ಧ ಮೈಲಿ ಇದೆ. ಒಳ್ಳೆಯ ಜಾಗ.

ಡಿಸೆಂಬರ್ 14, ಭಾನುವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಅಧಿಕಾರಿ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಬೂಟು ಹಾಕಿಕೊಂಡು ಬಂದಿದ್ದಳು, ಕೈಯಲ್ಲಿ ಒಂದು ಹಲಗೆಗೆ ಸಿಕ್ಕಿಸಿದ ಕಾಗದ. ಸಾಲು ಸಾಲಾಗಿ ಎಣಿಸಿದಳು. ನರ್ಸಿನದು ಹದಿನಾಲ್ಕು, ಕ್ಷೌರದಂಗಡಿಯವನದು ಹತ್ತೊಂಬತ್ತು, ಇವಳದು ಇಪ್ಪತ್ತೆರಡು. ನನ್ನದು ಇಪ್ಪತ್ತೈದು. "ಸರ್, ನಾನು ಇಷ್ಟು ಜಾಗ ನೋಡಿದೀನಿ, ಒಂದೂ ಸಾಯದ ಸಾಲು ನೋಡಿಲ್ಲ" ಎಂದು ನನ್ನ ಕೈ ಕುಲುಕಿದಳು. ಟೀಚರಮ್ಮ ಬೆರಳೆತ್ತಿ, "ಹಾಗಾದರೆ ಮಾತು ಮಾತೇ. ಕಾಲುವೆ ದಂಡೆ ಇನ್ನು ಮೇಲೆ ನಮ್ಮ ನೀರಣ್ಣನ ಉಸ್ತುವಾರಿ" ಎಂದರು.

ಎಲ್ಲರೂ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವಳು ಇವಳು. ಕೆಮ್ಮು ಇನ್ನೂ ಹೋಗಿಲ್ಲ. ಕೆಮ್ಮುತ್ತ ತಟ್ಟುತ್ತಿದ್ದಳು. ಆ ಮುಖದಲ್ಲಿದ್ದ ಖುಷಿ ನೋಡಿ ನನಗೆ ಎಲ್ಲಿಲ್ಲದ ಹೊಟ್ಟೆಕಿಚ್ಚು ಬಂತು. ತನ್ನದನ್ನು ಬೇರೆಯವರಿಗೆ ಕೊಟ್ಟು ಅಷ್ಟು ಖುಷಿಯಾಗಿರಲು ನನ್ನ ಕೈಲಿ ಒಂದು ದಿನವೂ ಆಗಿಲ್ಲ. ಅದೂ ಅವಳಿಗೇ ಬರಬೇಕೇ?

"ಇಪ್ಪತ್ತೈದಲ್ಲ" ಎಂದೆ. "ಒಂಬತ್ತು."

ಚಪ್ಪಾಳೆ ನಿಂತಿತು. ಅಧಿಕಾರಿ ಕಾಗದ ನೋಡಿಕೊಂಡಳು. "ದಿಬ್ಬದ ಮೇಲೆ ಇರೋವೆಲ್ಲ ಆಮೇಲೆ ನೆಟ್ಟಿದ್ದು, ಹದಿನಾರು. ನಾನು ನೆಟ್ಟಿದ್ದವು ಕೊಳೆತು ಹೋದವು. ದಿನಾ ಸಂಜೆ ಕದ್ದು ಬಂದು ನೀರು ಸುರಿದು ನಾನೇ ಕೊಳೆಸಿದೆ. ನಮ್ಮನೆಯವಳು ಬೆಳಿಗ್ಗೆ ಕದ್ದು ಬಂದು ತನ್ನ ಸಸಿ ನೆಟ್ಟು ಬದುಕಿಸಿದಳು" ಎಂದೆ.

ಇವಳು ಸೆರಗನ್ನು ಬಾಯಿಗೆ ಒತ್ತಿಕೊಂಡು, "ಅಯ್ಯೋ, ಇದೇನ್ರೀ" ಎಂದಳು. ಟೀಚರಮ್ಮ ಅವಳ ಕಡೆ ತಿರುಗಿ, "ಹೌದೇನಮ್ಮ?" ಎಂದರು. "ತಪ್ಪಾಯ್ತು ಟೀಚರ್. ಲೆಕ್ಕಕ್ಕೆ ಅಂತ ನೆಡಲಿಲ್ಲ ನಾನು" ಎಂದು ಇವಳು ತಲೆ ತಗ್ಗಿಸಿದಳು.

ಕ್ಷೌರದಂಗಡಿಯವನೇ ಕೊನೆಗೆ, "ಅಲ್ಲ ಟೀಚರ್, ನೀರಣ್ಣನ ನೀರು ಕುಡಿದೂ ಹದಿನಾರು ಗಿಡ ಬದುಕಿವೆ ಅಂದ್ರೆ, ಬದುಕಿಸಿದೋರಿಗೆ ದಂಡೆ ಅಲ್ಲ, ಕಾಲುವೇನೇ ಬರೆದುಕೊಡಬೇಕು" ಎಂದ. ಅಧಿಕಾರಿಯೂ ನಕ್ಕುಬಿಟ್ಟಳು. ನನ್ನ ಸಾಲನ್ನು ಹೊಡೆದುಹಾಕಿ ಒಂಬತ್ತು ಎಂದು ಬರೆದಳು. ಉಳಿದ ಸಾಲುಗಳಲ್ಲಿ ಇಪ್ಪತ್ತೆರಡೇ ಹೆಚ್ಚು. ಉಸ್ತುವಾರಿ ಇವಳಿಗೆ ಹೋಯಿತು.

ನಾನು ಒಳ್ಳೆಯತನದಿಂದ ಹೇಳಿದೆ ಎಂದು ಬರೆದುಕೊಂಡರೆ ಸುಳ್ಳಾಗುತ್ತದೆ. ಅವಳು ಕೊಟ್ಟ ಗೆಲುವು ನನಗೆ ಬೇಡವಾಗಿತ್ತು, ಅಷ್ಟೇ. ಈಗ ಅದೂ ಇಲ್ಲ, ಇದೂ ಇಲ್ಲ.

ಡಿಸೆಂಬರ್ 15, ಸೋಮವಾರ

ಇವತ್ತು ಬೆಳಿಗ್ಗೆ ಇವಳು ಟೀ ತಂದು ಮುಂದಿಟ್ಟು ಎದುರು ಕೂತಳು.

"ಯಾವಾಗ ನೋಡಿದ್ರಿ?"

"ಹನ್ನೊಂದನೇ ಗಿಡ ಕೀಳುವಾಗ. ತೊಟ್ಟಿ ಹಿಂದೆ ಇದ್ದೆ."

"ಆ ಮಂಡಿ ನೋವು ಇಟ್ಕೊಂಡು ಕುಕ್ಕರಗಾಲಲ್ಲಿ ಕೂತಿದ್ರಾ?" ಎಂದಳು. ಮೊದಲು ಕೇಳಿದ್ದೇ ಅದನ್ನು.

ನಾನು ಕೂಗಾಡಿದೆ. "ಯಾಕೆ ಮಾಡ್ದೆ? ನನ್ನ ಮೇಲೆ ಕನಿಕರಾನಾ? ಸೋತರೆ ಸೋಲ್ತಿದ್ದೆ. ನಿನ್ನ ಹಂಗಲ್ಲಿ ಗೆಲ್ಲಿಸು ಅಂತ ನಾನು ಕೇಳಿದ್ನಾ?" ಎಂದೆ.

"ರಿಟೈರಾದ ವರ್ಷ ನೀವು ಹೇಗಿದ್ರಿ ಅಂತ ನಿಮಗೆ ನೆನಪಿಲ್ಲ" ಎಂದಳು. "ನನಗಿದೆ. ಬೆಳಿಗ್ಗೆ ಎದ್ದು ಆ ಕುರ್ಚಿಯಲ್ಲಿ ಕೂತರೆ ಕತ್ತಲಾಗೋವರೆಗೂ ಅಲ್ಲೇ. ಸ್ನಾನಕ್ಕೂ ನಾನೇ ಎಬ್ಬಿಸ್ಬೇಕಿತ್ತು. ನಾನು ಮಿಶನ್ ತುಳೀತಾ ತುಳೀತಾ ನಿಮ್ಮ ಬೆನ್ನು ನೋಡ್ತಿದ್ದೆ. ಆಮೇಲೆ ಆ ಜಾಗಕ್ಕೆ ಹೋಗೋಕೆ ಶುರು ಮಾಡಿದ್ರಿ, ಮನುಷ್ಯ ಆದ್ರಿ. ಮೂರನೇ ಗಿಡ ಒಣಗಿದ ದಿನ ನಿಮ್ಮ ಮುಖ ನೋಡಿದೆ. ಎಲ್ಲಾ ಸತ್ತುಹೋದ್ರೆ ಮತ್ತೆ ಕುರ್ಚಿ ಹಿಡೀತೀರಿ ಅನ್ನಿಸ್ತು. ನನಗೆ ಹೆದರಿಕೆ ಆಯ್ತು ಕಣ್ರೀ. ಕನಿಕರ ಗಿನಿಕರ ಎಲ್ಲಾ ನನಗೆ ಗೊತ್ತಿಲ್ಲ."

ನನಗೆ ಆ ವರ್ಷ ನಿಜವಾಗಿಯೂ ನೆನಪಿಲ್ಲ. ಕೂತಿದ್ದೆ ಎಂಬುದು ಗೊತ್ತು. ನನ್ನ ಬೆನ್ನನ್ನು ಯಾರೋ ನೋಡುತ್ತಿದ್ದರು ಎಂಬುದು ಗೊತ್ತಿರಲಿಲ್ಲ.

ಟೀ ತಣ್ಣಗಾಗಿತ್ತು. ಇಬ್ಬರದನ್ನೂ ಮತ್ತೆ ಬಿಸಿ ಮಾಡಿ ತಂದೆ.

ಡಿಸೆಂಬರ್ 21, ಭಾನುವಾರ

ಕಾಲುವೆ ದಂಡೆಯಲ್ಲಿ ಮೊದಲ ದಿನ. ಹೊಸಬರು ಹದಿನೇಳು ಜನ ಬಂದಿದ್ದರು. ಇವಳು ಹಳೆಯ ನೋಟ್ ಪುಸ್ತಕ ಹಿಡಿದು ಎಲ್ಲರಿಗೂ ಕೆಲಸ ಹಂಚಿದಳು. ಅಳತೆ ತೆಗೆದುಕೊಂಡು ಅಂಗಿ ಹೊಲಿದವಳಲ್ಲವೇ, ಯಾರಿಗೆ ಯಾವ ಕೆಲಸ ಒಪ್ಪುತ್ತದೆ ಎಂದು ಒಂದು ಸಲ ಮೇಲಿಂದ ಕೆಳಗೆ ನೋಡಿದರೆ ಸಾಕು. ನನಗೆ ಕೊಟ್ಟದ್ದು ಪ್ಲಾಸ್ಟಿಕ್ ಆರಿಸುವ ಕೆಲಸ. ಗಂಡ ಎಂದು ಒಂದಿಷ್ಟೂ ದಾಕ್ಷಿಣ್ಯವಿಲ್ಲ. ನಾನು ನಡೆದು ನೋಡಿ ಲೆಕ್ಕ ಹಾಕಿಟ್ಟಿದ್ದ ದಂಡೆಯ ಮೇಲೆ ಅವಳು ಕೈ ತೋರಿಸಿ ಅದು ಅಲ್ಲಿ, ಇದು ಇಲ್ಲಿ ಎನ್ನುತ್ತಿದ್ದರೆ ಹೊಟ್ಟೆಯೊಳಗೆ ಮೆಣಸಿನಕಾಯಿ ಅರೆದ ಹಾಗಾಗುತ್ತಿತ್ತು. ಎರಡು ಕಡೆ ಅವಳು ಹೇಳಿದ್ದು ನನ್ನ ಲೆಕ್ಕಕ್ಕಿಂತ ಸರಿಯಾಗಿತ್ತು. ಅದು ಇನ್ನೂ ಖಾರ.

ಹತ್ತು ಗಂಟೆಯ ಹೊತ್ತಿಗೆ ತಡವಾಗಿ ಬಂದ ಒಬ್ಬ ಸೈಕಲ್ಲಿನಿಂದ ಇಳಿದು ನನ್ನ ಹತ್ತಿರ ಬಂದ. "ಸರ್, ಇಲ್ಲಿ ಮುಖ್ಯಸ್ಥರು ಯಾರು?" ಎಂದು ಕೇಳಿದ. ಗೋಣಿಚೀಲ ಕೆಳಗಿಟ್ಟು ಕೈ ಮಾಡಿ ತೋರಿಸಿದೆ.

"ಅಗೋ, ಅಲ್ಲಿ ನಿಂತಿದ್ದಾಳಲ್ಲ, ಅವಳು. ನನ್ನ ಹೆಂಡತಿ" ಎಂದೆ.

ಅವನು ತಲೆಯಾಡಿಸಿ ಹೊರಟ. ನಾನು ಅವನ ಹಿಂದೆ ನಾಲ್ಕು ಹೆಜ್ಜೆ ಹೋಗಿ ಮತ್ತೆ ಹೇಳಿದೆ, "ನನ್ನ ಹೆಂಡತಿ ಕಣಪ್ಪ ಅವಳು." ಅವನಿಗೆ ಮೊದಲ ಸಲವೇ ಸರಿಯಾಗಿ ಕೇಳಿಸಿತ್ತು.